ಇಂಡಿಯಂ ಫಾಸ್ಫೈಡ್ ಕ್ವಾಂಟಮ್ ಡಾಟ್‌ಗಳ ದೀಪ್ತಿ: ನಷ್ಟದ ನೆಲೆ ಮತ್ತು ಪರಿಹಾರದ ಬೆಲೆ

ಕ್ವಾಂಟಮ್ ಡಾಟ್ ಸಂಶೋಧನೆಗೆ ಕ್ಯಾಡ್ಮಿಯಂ ಸೆಲೆನೈಡ್ ಇಂದಿಗೂ ಅಳತೆಗೋಲು. ಬಿಸಿ ದ್ರಾವಕಕ್ಕೆ ಮೂಲದ್ರವ್ಯಗಳನ್ನು ಒಮ್ಮೆಲೇ ಚುಚ್ಚಿ ಒಂದೇ ಗಾತ್ರದ ಕಣಗಳನ್ನು ಬೆಳೆಸುವ ವಿಧಾನವನ್ನು ಮರ್ರೆ, ನಾರಿಸ್ ಮತ್ತು ಬವೆಂಡಿ 1993ರಲ್ಲಿ ಪ್ರಕಟಿಸಿದ್ದು ಇದೇ ಬಳಗದ ವಸ್ತುಗಳ ಮೇಲೆ. ಆದರೆ ವಿದ್ಯುನ್ಮಾನ ಸರಕುಗಳಲ್ಲಿನ ಅಪಾಯಕಾರಿ ವಸ್ತುಗಳ ಬಗ್ಗೆ ಐರೋಪ್ಯ ಒಕ್ಕೂಟ ತಂದ ನಿಯಮ ಸೀಸಕ್ಕೆ ತೂಕದಲ್ಲಿ ಶೇ. 0.1ರ ಮಿತಿ ಹಾಕಿದರೆ, ಕ್ಯಾಡ್ಮಿಯಂಗೆ ಅದರ ಹತ್ತನೇ ಒಂದು ಭಾಗವನ್ನಷ್ಟೇ ಬಿಟ್ಟಿತು. ಟಿವಿ ಪರದೆಗಳ ತಯಾರಕರು ಇಂಡಿಯಂ ಫಾಸ್ಫೈಡ್‌ನತ್ತ ಹೊರಳಲು ಇದು ಮುಖ್ಯ ಕಾರಣ. ಸಗಟು ಸ್ಫಟಿಕದಲ್ಲಿ ಇದರ ಶಕ್ತಿ ಅಂತರ ಸುಮಾರು 1.35 ಎಲೆಕ್ಟ್ರಾನ್ ವೋಲ್ಟ್. ಕಣದ ಗಾತ್ರ ತಗ್ಗಿಸುತ್ತ ಹೋದರೆ ಕೆಂಪು, ಹಸಿರು ಎರಡೂ ಸಿಗುತ್ತವೆ. ತೊಡಕು ಇದ್ದದ್ದು ಬಣ್ಣದಲ್ಲಲ್ಲ. ಆಗಷ್ಟೇ ತಯಾರಾದ, ಕವಚವಿಲ್ಲದ ಕಣಗಳು ಹೀರಿದ ಬೆಳಕಿನಲ್ಲಿ ಶೇ. 1ರಷ್ಟನ್ನೂ ಮರಳಿ ಕೊಡುತ್ತಿರಲಿಲ್ಲ.

ಈ ಬೆಳಕು ಸೋರಿಹೋಗುವುದು ತಿರುಳಿನಲ್ಲಲ್ಲ, ಅಂಚಿನಲ್ಲಿ. 3 ನ್ಯಾನೋಮೀಟರ್ ವ್ಯಾಸದ ಕಣದಲ್ಲಿ, ಸ್ಫಟಿಕದ ಸಾಂದ್ರತೆಯಿಂದ ಲೆಕ್ಕ ಹಾಕಿದರೆ, ಸುಮಾರು 550 ಪರಮಾಣುಗಳಿರುತ್ತವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊರಪದರದವು. ಅಲ್ಲಿ ಜೊತೆ ಸಿಗದೆ ಉಳಿದ ಫಾಸ್ಫರಸ್ ಬಂಧಗಳು ರಂಧ್ರಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಲೆಕ್ಟ್ರಾನ್ ಮತ್ತು ರಂಧ್ರ ಕೂಡುವ ಮೊದಲೇ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಇದರ ಜೊತೆಗೆ ಆಕ್ಸೈಡ್‌ನ ಕಾಟ. ಗಾಳಿಯನ್ನು ಎಷ್ಟೇ ಹೊರಗಿಟ್ಟರೂ ಆಕ್ಸೈಡ್ ಕಾಣಿಸಿಕೊಳ್ಳುವುದಕ್ಕೆ ಕಾರಣ ಪಾತ್ರೆಯೊಳಗೇ ಇದೆ: ಇಂಡಿಯಂ ಜೊತೆ ಬರುವ ಕೊಬ್ಬಿನಾಮ್ಲಗಳು ಹೆಚ್ಚಿನ ಉಷ್ಣತೆಯಲ್ಲಿ ಕೀಟೋನ್‌ಗಳಾಗಿ ಬದಲಾಗುವಾಗ ನೀರು ಹುಟ್ಟುತ್ತದೆ, ಆ ನೀರೇ ಕಣದ ಮೈಯನ್ನು ಉತ್ಕರ್ಷಿಸುತ್ತದೆ. ಕಣವನ್ನು ಕಾಯಬೇಕಾದ ಲಿಗ್ಯಾಂಡ್‌ನಿಂದಲೇ ಕಣ ಕೆಡುವ ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಗಲ ಶಕ್ತಿ ಅಂತರದ ಜಿಂಕ್ ಸಲ್ಫೈಡ್ ಕವಚ ಹೊದಿಸುವುದು ಮೊದಲಿಗೆ ಹೊಳೆದ ಉಪಾಯ. ಆದರೆ ಇಂಡಿಯಂ ಫಾಸ್ಫೈಡ್‌ನ ಜಾಲಕದ ಅಳತೆ 5.87 ಆಂಗ್‌ಸ್ಟ್ರಾಮ್, ಜಿಂಕ್ ಸಲ್ಫೈಡ್‌ನದು 5.41. ಶೇ. 8ಕ್ಕೆ ಹತ್ತಿರದ ಈ ವ್ಯತ್ಯಾಸದಿಂದ ಕವಚ ದಪ್ಪವಾದಂತೆ ಒತ್ತಡ ಹೆಚ್ಚಿ, ಸಂಧಿಯಲ್ಲಿ ಹೊಸ ದೋಷಗಳು ಹುಟ್ಟುತ್ತವೆ. ನಡುವೆ 5.67 ಆಂಗ್‌ಸ್ಟ್ರಾಮ್ ಅಳತೆಯ ಜಿಂಕ್ ಸೆಲೆನೈಡ್ ಬಂದರೆ ವ್ಯತ್ಯಾಸ ಎರಡು ಹಂತಗಳಲ್ಲಿ ಹಂಚಿಹೋಗುತ್ತದೆ.

ಹಾಗಿದ್ದೂ ಆಕ್ಸೈಡ್ ಪದರದ ಮೇಲೆ ಕವಚ ಕಟ್ಟಿದರೆ ದೋಷ ಒಳಗೇ ಹುದುಗಿ ಉಳಿಯುತ್ತದೆ. ಹೈಡ್ರೋಫ್ಲೋರಿಕ್ ಆಮ್ಲದಿಂದ ಮೇಲ್ಮೈ ತೊಳೆದರೆ ದೀಪ್ತಿ ಹಲವು ಪಟ್ಟು ಏರುತ್ತದೆಂದು 1990ರ ದಶಕದಲ್ಲೇ ಮಿಚಿಚ್, ನೋಜಿಕ್ ಮತ್ತವರ ಸಹೋದ್ಯೋಗಿಗಳು ತೋರಿಸಿದ್ದರು. ಸ್ಯಾಮ್‌ಸಂಗ್‌ನ ತಂಡ 2019ರಲ್ಲಿ ‘ನೇಚರ್’ನಲ್ಲಿ ವರದಿ ಮಾಡಿದ ಕೆಲಸದ ಜಾಣ್ಮೆ ಇರುವುದು ಈ ಆಮ್ಲವನ್ನು ಹಾಕಿದ ಹೊತ್ತಿನಲ್ಲಿ. ತೊಳೆದು ಮುಗಿಸಿ ಕವಚ ಹೊದಿಸುವ ಬದಲು, ಜಿಂಕ್ ಸೆಲೆನೈಡ್ ಬೆಳೆಯತೊಡಗಿದ ಹಂತದಲ್ಲೇ ಆಮ್ಲ ಸೇರಿಸಿದ್ದರಿಂದ, ಆಕ್ಸೈಡ್ ಕರಗಿದ ಜಾಗ ಮತ್ತೆ ತೆರೆದುಕೊಂಡು ಉಳಿಯಲಿಲ್ಲ. ಮೇಲೆ ದಪ್ಪನಾದ ಸಮರೂಪ ಕವಚ, ಕೊನೆಯಲ್ಲಿ ಉದ್ದನೆಯ ಓಲಿಯಿಕ್ ಆಮ್ಲದ ಬದಲು ಗಿಡ್ಡನೆಯ ಹೆಕ್ಸನೋಯಿಕ್ ಆಮ್ಲ. ಕೆಂಪು ಕಣಗಳ ಕ್ವಾಂಟಮ್ ಇಳುವರಿ ಶೇ. 100ನ್ನು ಮುಟ್ಟಿತು, ಅವುಗಳಿಂದ ಮಾಡಿದ ಡಯೋಡ್‌ನ ಬಾಹ್ಯ ಕ್ವಾಂಟಮ್ ದಕ್ಷತೆ ಶೇ. 21.4.

ಆದರೆ ಇಳುವರಿಯೊಂದನ್ನೇ ಸಾಧನೆಯ ಅಳತೆಯಾಗಿ ಎಣಿಸುವ ರೂಢಿ ಸರಿಯಲ್ಲ. ಕಾಪರ್ ಇಂಡಿಯಂ ಸಲ್ಫೈಡ್ ಇದಕ್ಕೆ ಸಾಕ್ಷಿ. ಅದಕ್ಕೂ ಜಿಂಕ್ ಸಲ್ಫೈಡ್ ಕವಚ ಹೊದಿಸಿ ಶೇ. 80ಕ್ಕೂ ಮಿಕ್ಕ ಇಳುವರಿ ಪಡೆದಿದ್ದಾರೆ; ರೋಹಿತದ ಅಗಲ ಮಾತ್ರ ಸುಮಾರು 100 ನ್ಯಾನೋಮೀಟರ್‌ನಲ್ಲೇ ನಿಂತಿತು. ಅಲ್ಲಿ ಬೆಳಕು ಹುಟ್ಟುವುದೇ ತಾಮ್ರಕ್ಕೆ ಅಂಟಿದ ಸ್ಥಾನಿಕ ಸ್ಥಿತಿಯಿಂದ, ಹೀಗಾಗಿ ಹೊರಮೈ ಸರಿಪಡಿಸಿದರೂ ಬಣ್ಣ ಚೊಕ್ಕವಾಗದು. ಸೌರಫಲಕಗಳಿಗೆ ಬೆಳಕು ಕಲೆಹಾಕಲು ಅದು ಒದಗೀತು, ಪರದೆಗೆ ಒದಗದು. ಸಿಲ್ವರ್ ಇಂಡಿಯಂ ಸಲ್ಫೈಡ್ ಕೂಡ ಇದೇ ಜಾತಿಯದೆಂದು ಬಹುಕಾಲ ನಂಬಲಾಗಿತ್ತು. ಒಸಾಕಾ ಮತ್ತು ನಗೋಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ಅದಕ್ಕೆ ಸ್ಫಟಿಕರೂಪವಿಲ್ಲದ ಗ್ಯಾಲಿಯಂ ಸಲ್ಫೈಡ್ ಕವಚ ತೊಡಿಸಿದಾಗ ರೋಹಿತ 30 ನ್ಯಾನೋಮೀಟರ್‌ಗಿಂತ ಕಿರಿದಾಯಿತು. ಜಾಲಕವೇ ಇಲ್ಲದ ಕವಚಕ್ಕೆ ಜಾಲಕದ ಹೊಂದಾಣಿಕೆಯ ಹಂಗಿಲ್ಲ. ಇಂಡಿಯಂ ಫಾಸ್ಫೈಡ್ ಮೇಲಿನ ಚರ್ಚೆ ಸ್ಫಟಿಕ ಕವಚಗಳಿಗಷ್ಟೇ ಕಟ್ಟುಬಿದ್ದಿರುವುದನ್ನು ಈ ಫಲಿತಾಂಶ ಪ್ರಶ್ನಿಸುತ್ತದೆ.

‘ಕಡಿಮೆ ವಿಷಕಾರಿ’ ಎಂಬ ವಿಶೇಷಣಕ್ಕೂ ಇಲ್ಲಿ ಲೆಕ್ಕ ಕೊಡಬೇಕಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಕ್ಯಾಡ್ಮಿಯಂ ಮೊದಲನೆಯ ಗುಂಪಿನಲ್ಲಿದ್ದರೆ, ಇಂಡಿಯಂ ಫಾಸ್ಫೈಡ್ ಅದರ ಮರುಹಂತದ 2ಎ ಗುಂಪಿನಲ್ಲಿದೆ. ದೀಪ್ತಿ ಹೆಚ್ಚಿಸಿದ ಹೈಡ್ರೋಫ್ಲೋರಿಕ್ ಆಮ್ಲವಂತೂ ಚರ್ಮ ದಾಟಿ ದೇಹದ ಕ್ಯಾಲ್ಸಿಯಂ ಅನ್ನೇ ಕಸಿಯುವಂಥದ್ದು. ಅದನ್ನು ಬಳಸುವ ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಮುಲಾಮು ಕೈಗೆಟಕುವಲ್ಲಿ ಇರಲೇಬೇಕು. ಗ್ರಾಹಕನ ಮನೆಯಿಂದ ಹೊರಟ ಅಪಾಯದ ಒಂದು ಪಾಲು ತಯಾರಿಸುವವರ ಮೇಜಿಗೆ ಬಂದಿದೆ. ಜಿಂಕ್ ಫ್ಲೋರೈಡ್‌ನಂಥ ಲವಣ ಹಾಕಿ ಬೇಕಾದಷ್ಟೇ ಆಮ್ಲ ಪಾತ್ರೆಯೊಳಗೇ ಹುಟ್ಟುವಂತೆ ಮಾಡುವ ಪ್ರಯತ್ನಗಳು ಆಮ್ಲದ ಬಾಟಲಿಯನ್ನು ಕಪಾಟಿನಿಂದ ತೆಗೆದಿವೆ. ಪ್ರತಿಕ್ರಿಯೆ ಮುಗಿದ ಮೇಲೆ ಉಳಿಯುವ ಫ್ಲೋರೈಡ್ ತ್ಯಾಜ್ಯದ ವಿಲೇವಾರಿಗೆ ಮಾತ್ರ ಇಳುವರಿಯ ಕೋಷ್ಟಕಗಳಲ್ಲಿ ಇನ್ನೂ ಒಂದು ಕಾಲಂ ಇಲ್ಲ.