ದೇಶದ ‘ಎರಡನೇ ಭಾಷೆ’ ಯಾವುದು? ಎಣಿಸುವ ರೀತಿ ಬದಲಾದರೆ ಉತ್ತರವೂ ಬದಲು

ಪ್ರಪಂಚದ ಭೂಪಟದಲ್ಲಿ ಒಂದೊಂದು ದೇಶದ ಮೇಲೂ ಒಂದೊಂದು ಭಾಷೆಯ ಹೆಸರು ಬರೆದು, ‘ಆಯಾ ದೇಶದಲ್ಲಿ ಎರಡನೇ ಅತಿ ಹೆಚ್ಚು ಜನ ಆಡುವ ಭಾಷೆ ಇದು’ ಎಂದು ಹೇಳುವ ಚಿತ್ರಗಳು ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಆಗಾಗ ಹರಿದಾಡುತ್ತವೆ. ಭಾರತದ ಮೇಲೆ ಒಂದರಲ್ಲಿ ‘ಬಂಗಾಳಿ’ ಎಂದಿದ್ದರೆ, ಇನ್ನೊಂದರಲ್ಲಿ ‘ಇಂಗ್ಲಿಷ್’ ಎಂದಿರಬಹುದು. ಇವುಗಳಲ್ಲಿ ಸುಳ್ಳು ಯಾವುದು? ಎರಡೂ ಸುಳ್ಳಲ್ಲ. ಎರಡಕ್ಕೂ ಸರ್ಕಾರಿ ಅಂಕಿ-ಅಂಶಗಳ ಆಧಾರವಿದೆ. ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಮಾತ್ರ ಬೇರೆ ಬೇರೆ. ಇಂತಹ ಪಟ್ಟಿಗಳನ್ನು ಓದುವುದು ಹೇಗೆ ಎಂದು ಕೆಲವು ದೇಶಗಳ ಉದಾಹರಣೆಯೊಂದಿಗೆ ನೋಡೋಣ.

ಭಾರತ: ಒಂದು ಜನಗಣತಿ, ಎರಡು ಉತ್ತರ

2011ರ ಜನಗಣತಿಯಲ್ಲಿ ಪ್ರತಿಯೊಬ್ಬರಿಗೂ ಅವರ ಮಾತೃಭಾಷೆ ಯಾವುದೆಂದು ಕೇಳಲಾಯಿತು. ಜನಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಭಾಷೆ. ಈ ಲೆಕ್ಕದಲ್ಲಿ ಹಿಂದಿ ಶೇ. 43.6ರಷ್ಟು ಜನರೊಂದಿಗೆ ಮೊದಲ ಸ್ಥಾನದಲ್ಲಿದೆ. ಸುಮಾರು 9.7 ಕೋಟಿ ಜನರ, ಅಂದರೆ ಶೇ. 8ರಷ್ಟು ಜನರ ಬಂಗಾಳಿ ಎರಡನೆಯದು. ನಂತರದ ಸ್ಥಾನಗಳು ಮರಾಠಿ ಮತ್ತು ತೆಲುಗಿನವು. ಕನ್ನಡಿಗರ ಸಂಖ್ಯೆ ಸುಮಾರು 4.37 ಕೋಟಿ. ಇಂಗ್ಲಿಷನ್ನು ಮಾತೃಭಾಷೆ ಎಂದು ಹೇಳಿದವರು ಇಡೀ ದೇಶದಲ್ಲಿ ಕೇವಲ 2.6 ಲಕ್ಷ.

ಇದೇ ಜನಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ಬರುವ ಇನ್ನೂ ಎರಡು ಭಾಷೆಗಳನ್ನು ಹೇಳಲು ಅವಕಾಶವಿತ್ತು. ಅವನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಂಗ್ಲಿಷ್ ಬಲ್ಲವರು ಸುಮಾರು 12.9 ಕೋಟಿ ಆಗುತ್ತಾರೆ, ಬಂಗಾಳಿ ಬಲ್ಲವರು ಸುಮಾರು 10.7 ಕೋಟಿ. ಹೀಗೆ ಎರಡೂವರೆ ಲಕ್ಷದ ಭಾಷೆ ಒಮ್ಮೆಲೇ ಎರಡನೇ ಸ್ಥಾನಕ್ಕೆ ಬರುತ್ತದೆ.

ಇಂಗ್ಲಿಷಿನ ಈ ಸ್ಥಾನ ಮನೆಯಿಂದ ಬಂದದ್ದಲ್ಲ. ಅದು ಶಾಲೆ ಮತ್ತು ಉದ್ಯೋಗದಿಂದ ಬಂದದ್ದು. ಬಂಗಾಳಿಯ ಸ್ಥಾನ ಹೆಚ್ಚಾಗಿ ಮನೆಯದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

‘ಬರುತ್ತದೆ’ ಬೇರೆ, ‘ಆಡುತ್ತೇನೆ’ ಬೇರೆ

ಐರ್ಲೆಂಡಿನಲ್ಲಿ ಬಹುಪಾಲು ಜನರ ಮಾತು ಇಂಗ್ಲಿಷ್. 2022ರ ಜನಗಣತಿಯಲ್ಲಿ ಐರಿಷ್ ಮಾತನಾಡಲು ಬರುತ್ತದೆ ಎಂದವರು ಸುಮಾರು 18.7 ಲಕ್ಷ, ಅಂದರೆ ಶೇ. 40ರಷ್ಟು. ಆದರೆ ಶಾಲೆಯ ಪಾಠ ಬಿಟ್ಟು ಪ್ರತಿದಿನ ಐರಿಷ್ ಆಡುವವರು ಸುಮಾರು 72 ಸಾವಿರ ಮಾತ್ರ. ಅದೇ ವರ್ಷ ಮನೆಯಲ್ಲಿ ಪೋಲಿಷ್ ಆಡುತ್ತಿದ್ದವರು ಸುಮಾರು 1.24 ಲಕ್ಷ. ‘ಬರುತ್ತದೆಯೇ?’ ಎಂದು ಕೇಳಿದರೆ ಐರಿಷ್ ಬಹಳ ಮುಂದಿದೆ. ‘ದಿನವೂ ಆಡುತ್ತೀರಾ?’ ಎಂದು ಕೇಳಿದರೆ ಅದರ ಸಂಖ್ಯೆ ಪೋಲಿಷ್‌ಗಿಂತ ಕೆಳಗಿಳಿಯುತ್ತದೆ.

ಪಕ್ಕದ ಬ್ರಿಟನ್ನಿನಲ್ಲಿ ಪ್ರಶ್ನಾಪತ್ರಿಕೆಯೇ ಫಲಿತಾಂಶವನ್ನು ತಿದ್ದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯ ಪ್ರಕಾರ ಇಂಗ್ಲಿಷ್ ಬಿಟ್ಟರೆ ಅತಿ ಹೆಚ್ಚು ಜನರ ಮುಖ್ಯ ಭಾಷೆ ಪೋಲಿಷ್, ಸುಮಾರು 6.1 ಲಕ್ಷ ಮಂದಿ. ಹಾಗಾದರೆ ವೇಲ್ಸ್‌ನ ಸ್ವಂತ ಭಾಷೆ ವೆಲ್ಶ್ ಎಲ್ಲಿ ಹೋಯಿತು? ವೇಲ್ಸ್‌ನಲ್ಲಿ ಹಂಚಿದ ನಮೂನೆಯಲ್ಲಿ ‘ಇಂಗ್ಲಿಷ್ ಅಥವಾ ವೆಲ್ಶ್’ ಎಂದು ಎರಡಕ್ಕೂ ಸೇರಿಸಿ ಒಂದೇ ಚೌಕವಿತ್ತು! ಆದ್ದರಿಂದ ಮುಖ್ಯ ಭಾಷೆಗಳ ಆ ಪಟ್ಟಿಯಲ್ಲಿ ವೆಲ್ಶ್ ಪ್ರತ್ಯೇಕವಾಗಿ ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ. ವೇಲ್ಸ್‌ನಲ್ಲಿ ಬೇರೆಯಾಗಿ ಕೇಳಿದ ಇನ್ನೊಂದು ಪ್ರಶ್ನೆಗೆ, ವೆಲ್ಶ್ ಮಾತನಾಡಲು ಬರುತ್ತದೆ ಎಂದವರು ಸುಮಾರು 5.4 ಲಕ್ಷ.

ರಾಷ್ಟ್ರಭಾಷೆ ಮೊದಲ ಎರಡರಲ್ಲಿ ಇರಲೇಬೇಕೇ?

ಇಲ್ಲ. ಪಾಕಿಸ್ತಾನದ ರಾಷ್ಟ್ರಭಾಷೆ ಉರ್ದು. ಆದರೆ ಅಲ್ಲಿನ 2023ರ ಜನಗಣತಿಯಲ್ಲಿ ಉರ್ದು ಮಾತೃಭಾಷೆಯವರು ಶೇ. 9ರಷ್ಟು ಮಾತ್ರ. ಪಂಜಾಬಿ ಸುಮಾರು ಶೇ. 37, ಪಶ್ತೋ ಶೇ. 18, ಸಿಂಧಿ ಶೇ. 14, ಸರಾಯ್ಕಿ ಶೇ. 12. ಮಾತೃಭಾಷೆಯ ಲೆಕ್ಕದಲ್ಲಿ ಎರಡನೆಯದು ಪಶ್ತೋ, ಉರ್ದು ಐದನೆಯದು. ಹಾಗಿದ್ದರೂ ಬೇರೆ ಬೇರೆ ಪ್ರಾಂತ್ಯದವರು ಪರಸ್ಪರ ಮಾತಾಡಲು ಉರ್ದುವನ್ನೇ ಬಳಸುತ್ತಾರೆ. ಒಂದು ಭಾಷೆಗೆ ಸರ್ಕಾರ ಕೊಟ್ಟ ಸ್ಥಾನ ಬೇರೆ, ಅದನ್ನು ಮನೆಯಲ್ಲಿ ಆಡುವವರ ಸಂಖ್ಯೆ ಬೇರೆ.

ಯಾವುದನ್ನು ಯಾವುದರೊಳಗೆ ಸೇರಿಸಿದರು?

ಭಾಷೆಗಳನ್ನು ಎಣಿಸುವ ಮೊದಲು ಯಾವುದು ಪ್ರತ್ಯೇಕ ಭಾಷೆ, ಯಾವುದು ಇನ್ನೊಂದರ ಭಾಗ ಎಂದು ಯಾರಾದರೂ ನಿರ್ಧರಿಸಬೇಕು. 2011ರಲ್ಲಿ ಭಾರತೀಯರು ಹೇಳಿದ ಮಾತೃಭಾಷೆಗಳ ಹೆಸರುಗಳು ಒಟ್ಟು 19,569. ಅವನ್ನು ಸೋಸಿ, ಒಟ್ಟುಗೂಡಿಸಿ ಕೊನೆಗೆ ಉಳಿಸಿದ್ದು 121 ಭಾಷೆಗಳು. ಹಿಂದಿಯ ಹೆಸರಿನಲ್ಲಿರುವ 52.8 ಕೋಟಿಯಲ್ಲಿ ‘ಹಿಂದಿ’ ಎಂದೇ ಹೇಳಿದವರು ಸುಮಾರು 32.2 ಕೋಟಿ. ಭೋಜಪುರಿಯ 5 ಕೋಟಿ, ರಾಜಸ್ಥಾನಿಯ 2.6 ಕೋಟಿ, ಛತ್ತೀಸ್‌ಗಢಿಯ 1.6 ಕೋಟಿ ಮುಂತಾದವು ಉಳಿದ ಮೊತ್ತದಲ್ಲಿ ಸೇರಿವೆ.

ಇದು ಉತ್ತರ ಭಾರತದ ವಿಷಯ ಮಾತ್ರವಲ್ಲ. ಕರ್ನಾಟಕದ ತಾಂಡಾಗಳಲ್ಲಿ ಆಡುವ ಲಂಬಾಣಿ ಮಾತು ಕೂಡ ಜನಗಣತಿಯಲ್ಲಿ ಹಿಂದಿಯ ಗುಂಪಿನಲ್ಲಿದೆ. ಹಾಗಾಗಿ ‘ಕರ್ನಾಟಕದಲ್ಲಿ ಹಿಂದಿ ಭಾಷಿಕರು ಇಷ್ಟು’ ಎಂಬ ಅಂಕಿಯಲ್ಲಿ ತಲೆಮಾರುಗಳಿಂದ ಇಲ್ಲೇ ಇರುವ ಲಂಬಾಣಿಗರೂ ಇದ್ದಾರೆ. ಕನ್ನಡದ ಲೆಕ್ಕವೂ ಇದಕ್ಕೆ ಹೊರತಲ್ಲ. ನೀಲಗಿರಿಯ ಬಡಗ ಮಾತನ್ನು ಜನಗಣತಿ ಕನ್ನಡದೊಳಗೆ ಸೇರಿಸಿದೆ.

ಅಂದಹಾಗೆ, 2011ರ ಲೆಕ್ಕದಲ್ಲಿ ಕರ್ನಾಟಕದ ಎರಡನೇ ಭಾಷೆ ಹಿಂದಿಯೂ ಅಲ್ಲ, ಇಂಗ್ಲಿಷೂ ಅಲ್ಲ. ಕನ್ನಡ ಶೇ. 66.5ರಷ್ಟಿದ್ದರೆ, ಶೇ. 10.8ರಷ್ಟಿರುವ ಉರ್ದು ಎರಡನೆಯದು, ಶೇ. 5.8ರಷ್ಟಿರುವ ತೆಲುಗು ಮೂರನೆಯದು. ದಕ್ಷಿಣ ಕನ್ನಡ ಜಿಲ್ಲೆಯೊಂದನ್ನೇ ನೋಡಿದರೆ ಮೊದಲ ಸ್ಥಾನ ತುಳುವಿನದು.

ಸ್ಥಾನ ಶಾಶ್ವತವಲ್ಲ

ಸಿಂಗಾಪುರದಲ್ಲಿ ಮನೆಯಲ್ಲಿ ಹೆಚ್ಚಾಗಿ ಬಳಸುವ ಭಾಷೆ ಯಾವುದೆಂದು ಕೇಳುತ್ತಾರೆ. 2010ರಲ್ಲಿ ಮ್ಯಾಂಡರಿನ್ ಶೇ. 35.6, ಇಂಗ್ಲಿಷ್ ಶೇ. 32.3 ಇತ್ತು. 2020ರಲ್ಲಿ ಇಂಗ್ಲಿಷ್ ಶೇ. 48.3ಕ್ಕೆ ಏರಿತು, ಮ್ಯಾಂಡರಿನ್ ಶೇ. 29.9ಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ ಮೊದಲನೆಯದು ಎರಡನೆಯದಾಯಿತು. ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬೆಳೆದವರು ತಂದೆ-ತಾಯಿಯರಾದಾಗ ಮಕ್ಕಳೊಡನೆಯೂ ಅದೇ ಭಾಷೆಯಲ್ಲಿ ಮಾತಾಡುವುದು ಇದರ ಹಿಂದಿನ ದೊಡ್ಡ ಕಾರಣ. ಅಲ್ಲಿನ ಅಧಿಕೃತ ಭಾಷೆಗಳಲ್ಲಿ ಒಂದಾದ ತಮಿಳು ಕೂಡ ಇದೇ ಅವಧಿಯಲ್ಲಿ ಶೇ. 3.3ರಿಂದ 2.5ಕ್ಕೆ ಇಳಿಯಿತು.

ಆಸ್ಟ್ರೇಲಿಯಾದಲ್ಲಿ ವಲಸೆ ಈ ಬದಲಾವಣೆ ತಂದಿತು. 2006ರಲ್ಲಿ ಅಲ್ಲಿ ಇಂಗ್ಲಿಷ್ ನಂತರದ ಮನೆಮಾತು ಇಟಾಲಿಯನ್. 2011ರಿಂದ ಆ ಸ್ಥಾನ ಮ್ಯಾಂಡರಿನ್‌ನದು. ಎರಡನೇ ಮಹಾಯುದ್ಧದ ನಂತರ ಬಂದ ಇಟಲಿಯವರಿಗೆ ವಯಸ್ಸಾಯಿತು, ಅವರ ಮಕ್ಕಳು-ಮೊಮ್ಮಕ್ಕಳು ಇಂಗ್ಲಿಷಿಗೆ ಹೊರಳಿದರು, ಚೀನಾದಿಂದ ಹೊಸಬರು ಬಂದರು. ಅಲ್ಲಿ ಎರಡನೇ ಸ್ಥಾನಕ್ಕೆ ದೊಡ್ಡ ಸಂಖ್ಯೆಯೇನೂ ಬೇಕಿಲ್ಲ ಎಂಬುದನ್ನೂ ಗಮನಿಸಿ. 2021ರಲ್ಲಿ ಮ್ಯಾಂಡರಿನ್ ಆಡುವವರು ಶೇ. 2.7 ಮಾತ್ರ. ‘ಎರಡನೆಯದು’ ಎಂಬ ಒಂದೇ ಪದ ಒಂದು ದೇಶದಲ್ಲಿ ನೂರಕ್ಕೆ ಮೂವತ್ತು ಜನರನ್ನು, ಇನ್ನೊಂದರಲ್ಲಿ ನೂರಕ್ಕೆ ಮೂವರನ್ನು ಸೂಚಿಸುತ್ತದೆ.

ಈ ಎಣಿಕೆಯಿಂದ ಯಾರಿಗೇನು?

ಬೆಲ್ಜಿಯಂನಲ್ಲಿ ಭಾಷೆಯನ್ನು ಕೇಳಿದ ಕೊನೆಯ ಜನಗಣತಿ ನಡೆದದ್ದು 1947ರಲ್ಲಿ. ಊರಿನ ಆಡಳಿತ ಡಚ್ ಭಾಷೆಯಲ್ಲಿರಬೇಕೋ ಫ್ರೆಂಚ್‌ನಲ್ಲೋ ಎಂಬುದು ಆ ಎಣಿಕೆಯನ್ನು ಅವಲಂಬಿಸಿದ್ದರಿಂದ ದೊಡ್ಡ ವಿವಾದವೆದ್ದಿತು. 1961ರಲ್ಲಿ ಜನಗಣತಿಯಿಂದ ಆ ಪ್ರಶ್ನೆಯನ್ನೇ ಕಾನೂನಿನ ಮೂಲಕ ಕೈಬಿಡಲಾಯಿತು. ಹಾಗಾಗಿ ಬೆಲ್ಜಿಯಂನ ಭಾಷಿಕರ ಬಗ್ಗೆ ಇಂದು ಕಾಣುವ ಅಂಕಿಗಳೆಲ್ಲ ಅಂದಾಜುಗಳು.

ಬೇರೆ ಕಡೆಗಳಲ್ಲಿ ಸಂಖ್ಯೆಯೇ ಹಕ್ಕು ತಂದುಕೊಡುತ್ತದೆ. ಫಿನ್ಲೆಂಡಿನಲ್ಲಿ ಫಿನ್ನಿಷ್ ಮತ್ತು ಸ್ವೀಡಿಷ್ ಎರಡೂ ರಾಷ್ಟ್ರಭಾಷೆಗಳು. ಒಂದು ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ ಇವೆರಡರಲ್ಲಿ ಅಲ್ಪಸಂಖ್ಯೆಯಲ್ಲಿರುವವರು ಶೇ. 8ರಷ್ಟು ಅಥವಾ 3,000 ಮಂದಿ ಇದ್ದರೆ, ಅಲ್ಲಿ ಎರಡೂ ಭಾಷೆಗಳಲ್ಲಿ ಸೇವೆ ಕೊಡಬೇಕು. ಅಮೆರಿಕದಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದ ಕೆಲವು ಭಾಷಾ ಸಮುದಾಯಗಳು ನಿಗದಿತ ಪ್ರಮಾಣದಲ್ಲಿರುವ ಕಡೆ ಮತಪತ್ರವನ್ನು ಅವರ ಭಾಷೆಯಲ್ಲೂ ಮುದ್ರಿಸಬೇಕೆಂದು 1975ರಿಂದ ಕಾನೂನಿದೆ. ಭಾರತದಲ್ಲೂ ಜಿಲ್ಲೆ ಅಥವಾ ಅದಕ್ಕಿಂತ ಚಿಕ್ಕ ಆಡಳಿತ ಘಟಕದಲ್ಲಿ ಶೇ. 15ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ನಿಯಮ, ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂಬ ಒಪ್ಪಿತ ವ್ಯವಸ್ಥೆಯಿದೆ. ಗಡಿಯಾಚೆಯ ಕನ್ನಡಿಗರಿಗೂ ಕರ್ನಾಟಕದೊಳಗಿನ ಇತರ ಭಾಷಿಕರಿಗೂ ಈ ಲೆಕ್ಕ ಮುಖ್ಯ.

ಪಟ್ಟಿ ಕಂಡಾಗ ಕೇಳಬೇಕಾದ ಪ್ರಶ್ನೆಗಳು

1. ಎಣಿಸಿದ್ದು ಮಾತೃಭಾಷೆಯನ್ನೋ, ಮನೆಮಾತನ್ನೋ, ಮಾತಾಡಲು ಬರುವ ಭಾಷೆಗಳನ್ನೋ?
2. ಯಾವ ವರ್ಷದ ಲೆಕ್ಕ?
3. ಒಂದು ಹೆಸರಿನಡಿ ಯಾವ ಯಾವ ಮಾತುಗಳನ್ನು ಸೇರಿಸಿದ್ದಾರೆ?
4. ಎರಡನೇ ಸ್ಥಾನವೆಂದರೆ ನೂರಕ್ಕೆ ಎಷ್ಟು ಜನ?
5. ಜನಗಣತಿಯ ಅಂಕಿಯೋ, ಯಾರದೋ ಅಂದಾಜೋ?

ಈ ಐದಕ್ಕೆ ಉತ್ತರವಿಲ್ಲದ ಭೂಪಟವನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಸ್ವಲ್ಪ ತಡೆಯಿರಿ.

ಭಾರತದ ಮುಂದಿನ ಜನಗಣತಿಗೆ 2027ರ ವರ್ಷ ನಿಗದಿಯಾಗಿದೆ. ನಾವು ಕೊಡುವ ಉತ್ತರವೇ ಮುಂದೆ ಇಂತಹ ಪಟ್ಟಿಗಳಿಗೆ ಆಧಾರ. ಮಾತೃಭಾಷೆ ಯಾವುದೆಂದು ಗಣತಿದಾರರು ಕೇಳಿದಾಗ ರಾಜ್ಯಭಾಷೆಯ ಹೆಸರನ್ನೋ, ಗಣತಿದಾರರಿಗೆ ಬರೆಯಲು ಸುಲಭವಾದುದನ್ನೋ ಹೇಳದೆ, ನಿಮ್ಮ ಮಾತೃಭಾಷೆಯ ಹೆಸರನ್ನೇ ಸ್ಪಷ್ಟವಾಗಿ ಹೇಳಿ. ಅದು ತುಳು, ಕೊಡವ, ಲಂಬಾಣಿ, ಬಡಗ ಯಾವುದೇ ಇರಲಿ. ಹೇಳದೇ ಬಿಟ್ಟ ಹೆಸರನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ.