ದುಃಖಕ್ಕೂ ವೈದ್ಯರು ಬಂದ ಕಥೆ

1942ರ ನವೆಂಬರ್ 28, ಶನಿವಾರ ರಾತ್ರಿ. ಅಮೆರಿಕದ ಬಾಸ್ಟನ್ ನಗರದ 'ಕೋಕೋನಟ್ ಗ್ರೋವ್' ಎಂಬ ನೈಟ್‌ಕ್ಲಬ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಮಾರು 460 ಜನಕ್ಕೆ ಪರವಾನಗಿ ಇದ್ದ ಕಟ್ಟಡದಲ್ಲಿ ಸಾವಿರದಷ್ಟು ಜನ ಸೇರಿದ್ದರು. ಅಂದಕ್ಕೆಂದು ನಿಲ್ಲಿಸಿದ್ದ ಕೃತಕ ತಾಳೆಮರಗಳಿಗೂ ಚಾವಣಿಗೆ ಕಟ್ಟಿದ್ದ ಬಟ್ಟೆಗೂ ಬೆಂಕಿ ತಗುಲಿ, ಕೆಲವೇ ನಿಮಿಷಗಳಲ್ಲಿ ಒಳಗೆಲ್ಲ ಹೊಗೆ ತುಂಬಿತು. ಮುಂದಿನದು ಸುತ್ತುವ ಬಾಗಿಲು, ಎರಡೂ ಕಡೆಯಿಂದ ಜನ ನೂಕಿದ್ದರಿಂದ ಅದು ಸಿಕ್ಕಿಕೊಂಡಿತು. ಬೇರೆ ಕೆಲವು ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಸತ್ತವರು 492 ಮಂದಿ.

ಈ ದುರಂತದಿಂದ ಕಲಿತ ಪಾಠಗಳನ್ನು ಇತಿಹಾಸ ಚೆನ್ನಾಗಿಯೇ ದಾಖಲಿಸಿದೆ. ಸುಟ್ಟಗಾಯಗಳ ಚಿಕಿತ್ಸೆ ಸುಧಾರಿಸಿತು. ಜನ ಸೇರುವ ಕಟ್ಟಡಗಳ ಬಾಗಿಲು ಹೇಗಿರಬೇಕೆಂಬ ನಿಯಮಗಳು ಬಿಗಿಯಾದವು. ಅದೇ ಬೆಂಕಿಯಿಂದ ಹುಟ್ಟಿದ ಇನ್ನೊಂದು ಪಾಠ ಅಷ್ಟು ಪ್ರಸಿದ್ಧವಲ್ಲ. ಹತ್ತಿರದವರು ಸತ್ತಾಗ ಉಳಿದವರಿಗೆ ಏನಾಗುತ್ತದೆ ಎಂಬುದನ್ನು ಆಸ್ಪತ್ರೆಯೊಂದು ಕ್ರಮವಾಗಿ ಗಮನಿಸಿ ಬರೆದಿಟ್ಟದ್ದು ಆಗಲೇ.

ಆ ಕೆಲಸ ಮಾಡಿದವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮನೋವೈದ್ಯ, ಜರ್ಮನಿಯಿಂದ ಬಂದು ನೆಲೆಸಿದ್ದ ಎರಿಕ್ ಲಿಂಡೆಮನ್. ಬೆಂಕಿಯಲ್ಲಿ ಬದುಕಿದವರನ್ನೂ ಸತ್ತವರ ಮನೆಯವರನ್ನೂ ಅವರು ಕೂರಿಸಿಕೊಂಡು ಮಾತನಾಡಿಸಿದರು. ಆಸ್ಪತ್ರೆಯಲ್ಲಿ ಬೇರೆ ಕಾಯಿಲೆಗಳಿಂದ ತೀರಿಕೊಂಡವರ ಸಂಬಂಧಿಕರನ್ನೂ ಸೈನಿಕರ ಕುಟುಂಬದವರನ್ನೂ ಸೇರಿಸಿಕೊಂಡು ಒಟ್ಟು 101 ಮಂದಿಯನ್ನು ಗಮನಿಸಿ, 1944ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ದುಃಖ ಒಂದು ಭಾವನೆ ಮಾತ್ರವಲ್ಲ, ಮೈಯ ಅನುಭವವೂ ಹೌದು. ಗಂಟಲು ಬಿಗಿಯುತ್ತದೆ, ಉಸಿರು ಸಾಲದಾಗುತ್ತದೆ, ಪದೇ ಪದೇ ನಿಟ್ಟುಸಿರು ಬರುತ್ತದೆ, ಹೊಟ್ಟೆ ಖಾಲಿಯಾದಂತಿರುತ್ತದೆ, ಕೈಕಾಲಿನಲ್ಲಿ ಕಸುವಿರುವುದಿಲ್ಲ. ಇದು ಅಲೆಯಂತೆ ಬಂದು ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಇದ್ದು ಹೋಗುತ್ತದೆ. ಹೋದವರ ರೂಪ ಕಣ್ಣೆದುರೇ ಇರುತ್ತದೆ. 'ನಾನು ಹಾಗೆ ಮಾಡಬಾರದಿತ್ತು' ಎಂಬ ತಪ್ಪಿತಸ್ಥ ಭಾವ ಬಿಡುವುದಿಲ್ಲ. ಸಮಾಧಾನ ಹೇಳಲು ಬಂದವರ ಮೇಲೆ ಕಾರಣವಿಲ್ಲದ ಸಿಟ್ಟು ಬರುತ್ತದೆ. ಎಂಬತ್ತು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಇಂದು ಓದಿದರೂ, ಯಾರನ್ನಾದರೂ ಕಳೆದುಕೊಂಡವರಿಗೆ ತಮ್ಮ ಬಗ್ಗೆಯೇ ಬರೆದಂತೆ ಅನ್ನಿಸುತ್ತದೆ.

ಆ ಪ್ರಬಂಧದಲ್ಲಿ ಒಬ್ಬ ಯುವಕನ ಪ್ರಸಂಗ ಬರುತ್ತದೆ. ಅವನಿಗೆ ಆಗಿದ್ದದ್ದು ಸಣ್ಣ ಸುಟ್ಟಗಾಯ. ಹೆಂಡತಿಯನ್ನು ಎಳೆದು ತರಲು ಹೋಗಿ ಪ್ರಜ್ಞೆ ತಪ್ಪಿ, ಜನರ ನೂಕಿನಲ್ಲಿ ಹೊರಗೆ ಬಿದ್ದಿದ್ದ. ಹೆಂಡತಿ ಒಳಗೇ ಸತ್ತಳು. ಸುದ್ದಿ ತಿಳಿದಾಗ ಅವನು ಹೆಚ್ಚು ಅಳಲಿಲ್ಲ, ಗಾಯ ಮಾಯ್ದ ಮೇಲೆ ಮನೆಗೆ ಹೋದ. ಸ್ವಲ್ಪ ದಿನಕ್ಕೇ ಮನೆಯವರು ಅವನನ್ನು ಮತ್ತೆ ಆಸ್ಪತ್ರೆಗೆ ಕರೆತಂದರು. ಅವಳನ್ನು ಉಳಿಸಬೇಕಿತ್ತು, ಇಲ್ಲವೇ ತಾನೂ ಸಾಯಬೇಕಿತ್ತು ಎನ್ನುವುದೊಂದೇ ಅವನ ಮಾತಾಗಿತ್ತು. ಆಸ್ಪತ್ರೆಯಲ್ಲಿದ್ದಾಗಲೇ, ಕಾವಲಿನ ಕಣ್ಣು ತಪ್ಪಿಸಿ, ಅವನು ಪ್ರಾಣ ಕಳೆದುಕೊಂಡ. ಲಿಂಡೆಮನ್ ಕಲಿತ ಕಹಿಪಾಠ ಇದು: ಎದೆ ಬಡಿದುಕೊಂಡು ಅಳುವವರಿಗಿಂತ 'ಗಟ್ಟಿಯಾಗಿದ್ದಾನೆ, ಪರವಾಗಿಲ್ಲ' ಎಂದು ನಾವು ನಿರಾಳವಾಗುವವರ ಬಗ್ಗೆಯೇ ಕೆಲವೊಮ್ಮೆ ಹೆಚ್ಚು ಎಚ್ಚರ ಬೇಕು.

ಇದಕ್ಕೂ ಮುಂಚೆ ವೈದ್ಯಶಾಸ್ತ್ರ ದುಃಖದ ತಂಟೆಗೆ ಹೋಗುತ್ತಿರಲಿಲ್ಲ. ಶೋಕ ಮತ್ತು ಖಿನ್ನತೆಯನ್ನು ಹೋಲಿಸಿ 1917ರಲ್ಲಿ ಪ್ರಬಂಧ ಪ್ರಕಟಿಸಿದ ಸಿಗ್ಮಂಡ್ ಫ್ರಾಯ್ಡ್ ಕೂಡ, ಶೋಕ ರೋಗವಲ್ಲ, ಅದಕ್ಕೆ ವೈದ್ಯರ ಬಳಿ ಹೋಗಬೇಕೆಂದು ಯಾರಿಗೂ ತೋಚುವುದಿಲ್ಲ, ಕಾಲ ಕಳೆದಂತೆ ಅದೇ ಇಳಿಯುತ್ತದೆ ಎಂದೇ ಭಾವಿಸಿದ್ದರು. ಅವರ ಪ್ರಕಾರ ದುಃಖವೆಂದರೆ ಮನಸ್ಸು ಮಾಡಬೇಕಾದ ಒಂದು ಕೆಲಸ. ಹೋದವರಿಗೆ ಅಂಟಿಕೊಂಡಿರುವ ಪ್ರೀತಿಯನ್ನು ನೆನಪಿನ ಎಳೆ ಎಳೆಯಾಗಿ ಬಿಡಿಸಿ ತಂದು ಬದುಕಿನ ಕಡೆಗೆ ತಿರುಗಿಸುವುದು ಆ ಕೆಲಸ.

ಬರೆದದ್ದು ಹಾಗೆ, ಬಾಳಿದ್ದು ಬೇರೆ. 1920ರ ಜನವರಿಯಲ್ಲಿ ಫ್ರಾಯ್ಡ್ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದಳು. ಮೂರು ವರ್ಷದ ನಂತರ ಅವಳ ಪುಟ್ಟ ಮಗನೂ ಹೋದ. 1929ರಲ್ಲಿ, ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ, ತೀವ್ರ ಶೋಕ ಇಳಿಯುತ್ತದಾದರೂ ಆ ಜಾಗವನ್ನು ಬೇರೆ ಯಾವುದೂ ತುಂಬಲಾರದು, ಅದು ಹಾಗೆ ಇರುವುದೇ ಸರಿ ಎಂಬ ಅರ್ಥದ ಮಾತು ಹೇಳಿದರು. ಸೋಫಿ ಬದುಕಿದ್ದರೆ ಅಂದಿಗೆ ಅವಳಿಗೆ 36 ತುಂಬುತ್ತಿತ್ತು. ಮಗಳು ಸತ್ತು ಒಂಬತ್ತು ವರ್ಷವಾದರೂ ತಂದೆಗೆ ಅವಳ ಹುಟ್ಟುಹಬ್ಬ ಮರೆತಿರಲಿಲ್ಲ.

ಆದರೆ ಮುಂದಿನ ಪೀಳಿಗೆಯ ವೈದ್ಯರು ಹಿಡಿದುಕೊಂಡದ್ದು ಪ್ರಬಂಧವನ್ನು, ಪತ್ರವನ್ನಲ್ಲ. ಲಿಂಡೆಮನ್ ಅವರ ಚಿಕಿತ್ಸೆಯ ಗುರಿಯೂ ಅದೇ ಆಗಿತ್ತು: ಹೋದವರ ಹಿಡಿತದಿಂದ ಬಿಡಿಸಿಕೊಳ್ಳುವುದು, ಅವರಿಲ್ಲದ ಲೋಕಕ್ಕೆ ಹೊಂದಿಕೊಳ್ಳುವುದು, ಹೊಸ ಸಂಬಂಧಗಳನ್ನು ಕಟ್ಟಿಕೊಳ್ಳುವುದು. ನಾಲ್ಕರಿಂದ ಆರು ವಾರಗಳಲ್ಲಿ ಎಂಟು ಹತ್ತು ಬಾರಿ ಕೂತು ಮಾತನಾಡಿದರೆ ಸಾಮಾನ್ಯ ದುಃಖ ಹದಕ್ಕೆ ಬರುತ್ತದೆ ಎಂದು ಅವರು ನಂಬಿದ್ದರು. ಈ ಲೆಕ್ಕ ಅತಿಯಾದ ಭರವಸೆಯದು ಎಂದು ನಂತರದ ಅಧ್ಯಯನಗಳು ತೋರಿಸಿದವು. ದುಃಖದಲ್ಲಿರುವವರ ಪಕ್ಕ ಕೂತು ಕೇಳುವುದೂ ವೈದ್ಯರ ಕೆಲಸ ಎಂಬ ಅವರ ಮಾತು ಮಾತ್ರ ಉಳಿಯಿತು.

ಬಾಸ್ಟನ್ನಿನ ಆ ರಾತ್ರಿಗೆ ಬೆಂಗಳೂರಿನಲ್ಲೊಂದು ಕರಾಳ ಜೋಡಿಯಿದೆ. ಅದೂ ಶನಿವಾರವೇ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು, ನೂಕುನುಗ್ಗಲಿನಲ್ಲಿ 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸರ್ಕಸ್ ನೋಡಲು ಬಂದಿದ್ದ ಮಕ್ಕಳು. ಆಗ ನಗರದಲ್ಲಿದ್ದ ಹಿರಿಯರು ಇಂದಿಗೂ ಆ ದಿನವನ್ನು ದನಿ ತಗ್ಗಿಸಿಯೇ ನೆನೆಯುತ್ತಾರೆ. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರ ದುಃಖವನ್ನು ನಿಮ್ಹಾನ್ಸ್‌ನ ಸಂಶೋಧಕರು ಅಧ್ಯಯನ ಮಾಡಿ, 1987ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದುರಂತದ ನಂತರದ ಮನಸ್ಸಿನ ಬಗ್ಗೆ ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ಅಷ್ಟರಲ್ಲಿ ಭೋಪಾಲ ನಡೆದುಹೋಗಿತ್ತು. 1984ರ ಡಿಸೆಂಬರ್‌ನ ವಿಷಾನಿಲದ ನಂತರ ಸಾವಿರಾರು ಮನೆಗಳಲ್ಲಿ ಒಟ್ಟೊಟ್ಟಿಗೆ ಸೂತಕ. ಅಷ್ಟು ಜನಕ್ಕೆ ಎಲ್ಲಿಂದ ಮನೋವೈದ್ಯರನ್ನು ತರುವುದು? ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಹಿಡಿದ ದಾರಿ ಸರಳವಾಗಿತ್ತು. ಅವರು ಅಲ್ಲಿನ ಸಾಮಾನ್ಯ ವೈದ್ಯರಿಗೇ ಮನಸ್ಸಿನ ನೋವನ್ನು ಗುರುತಿಸಿ ಉಪಚರಿಸುವ ತರಬೇತಿ ಕೊಟ್ಟರು. ಗುಜರಾತಿನ 2001ರ ಭೂಕಂಪ, 2004ರ ಸುನಾಮಿಯ ಹೊತ್ತಿಗೆ ಈ ಯೋಚನೆ ಊರಿನ ಸ್ವಯಂಸೇವಕರವರೆಗೆ ಬಂದಿತ್ತು. ಎಲ್ಲರಿಗೂ ಔಷಧಿ ಬೇಕಿಲ್ಲ, ಕೇಳುವ ಕಿವಿ ಎಲ್ಲರಿಗೂ ಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಈ ನಡುವೆ 'ಬಿಡಿಸಿಕೊಳ್ಳಬೇಕು' ಎಂಬ ಹಳೆಯ ಸಿದ್ಧಾಂತದ ಬುಡ ಅಲುಗಾಡುತ್ತಿತ್ತು. 1969ರಲ್ಲಿ ಟೋಕಿಯೋದ ಇಪ್ಪತ್ತು ಮಂದಿ ವಿಧವೆಯರ ಬಗ್ಗೆ ಒಂದು ಅಧ್ಯಯನ ಬಂತು. ರಸ್ತೆ ಅಪಘಾತದಲ್ಲಿ ಗಂಡಂದಿರನ್ನು ಕಳೆದುಕೊಂಡ ಆ ಹೆಂಗಸರು ಮನೆಯ ಪುಟ್ಟ ಪೂಜಾಮಂಟಪದ ಮುಂದೆ ಧೂಪ ಹಚ್ಚಿ ಹೋದವರೊಡನೆ ನಂಟು ಉಳಿಸಿಕೊಂಡಿದ್ದರು. ಪಾಶ್ಚಾತ್ಯ ಸಿದ್ಧಾಂತದ ಪ್ರಕಾರ ಅವರು 'ಅಂಟಿಕೊಂಡವರು'. ವಾಸ್ತವದಲ್ಲಿ ಆ ನಂಟೇ ಅವರಿಗೆ ಆಸರೆಯಾಗಿತ್ತು. 1996ರ ಹೊತ್ತಿಗೆ ಅಮೆರಿಕದ ವಿದ್ವಾಂಸರೇ 'ಮುಂದುವರಿಯುವ ನಂಟು' ಎಂಬ ಹೆಸರಿನಲ್ಲಿ ಒಂದು ಪುಸ್ತಕ ತಂದರು. ಹೋದವರ ಜೊತೆಗಿನ ಸಂಬಂಧ ಕಡಿದುಹೋಗಬೇಕಿಲ್ಲ, ಅದು ರೂಪ ಬದಲಿಸಿದರೆ ಸಾಕು ಎಂಬುದು ಅದರ ಸಾರ. ವರ್ಷಕ್ಕೊಮ್ಮೆ ತಿಥಿ ಮಾಡಿ, ಅಪ್ಪನಿಗೆ ಇಷ್ಟವಾದ ತಿಂಡಿಯನ್ನೇ ಎಡೆಗಿಟ್ಟು, ಕಾಗೆಗೆ ಕಾಯುವವರಿಗೆ ಇದು ಹೊಸ ಸಂಗತಿಯೇನಲ್ಲ.

'ಐದು ಹಂತ'ಗಳ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಏಣಿಯನ್ನು ನೀವೂ ಕೇಳಿರುತ್ತೀರಿ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳೊಂದಿಗೆ ಮಾತನಾಡಿ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. ದುಃಖ ಮೆಟ್ಟಿಲು ಹತ್ತುವಂತೆ ಸಾಗುವುದಿಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಕೊಟ್ಟ ಚಿತ್ರ ಬದುಕಿಗೆ ಹೆಚ್ಚು ಹತ್ತಿರ. ಅವರ ಪ್ರಕಾರ ಮನಸ್ಸು ತೂಗುಯ್ಯಾಲೆಯಂತೆ ಎರಡು ಕಡೆ ಹೋಗಿಬರುತ್ತದೆ: ಒಮ್ಮೆ ನೋವಿನ ಕಡೆಗೆ, ಒಮ್ಮೆ ಬ್ಯಾಂಕು, ಸ್ಕೂಲು, ಅಡುಗೆಮನೆಯ ಕಡೆಗೆ. ಎರಡೂ ಬೇಕು. ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಲಯದಲ್ಲಿ ತೂಗುತ್ತಿದ್ದರೆ 'ನಿನಗೆ ದುಃಖವೇ ಇಲ್ಲ' ಎಂಬ ಆರೋಪ ಹುಟ್ಟುತ್ತದೆ. ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದ ಗಂಡನ ದನಿಯಲ್ಲಿ ಬೇಂದ್ರೆಯವರು ಬರೆದ ಪದ್ಯವನ್ನು ಬಲ್ಲವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಮ್ಮ ಆಚರಣೆಗಳೇ ಸಾಕಲ್ಲವೇ? ಅರ್ಧ ಹೌದು. ಸೂತಕದ ಹತ್ತು ದಿನ, ಹನ್ನೊಂದರ ಕ್ರಿಯೆ, ವೈಕುಂಠ ಸಮಾರಾಧನೆ, ಮಾಸಿಕ, ವರ್ಷಾಬ್ದಿಕ, ತುಳುನಾಡಿನ ಬೊಜ್ಜ, ಮುಸ್ಲಿಮರ ನಲವತ್ತನೇ ದಿನ, ಕ್ರೈಸ್ತರ ವಾರ್ಷಿಕ ಪೂಜೆ. ಇವೆಲ್ಲ ದುಃಖಕ್ಕೊಂದು ಪಂಚಾಂಗ ಬರೆದುಕೊಟ್ಟಿವೆ. ಯಾವ ದಿನ ಯಾರು ಬರಬೇಕು, ಯಾರು ಅಡುಗೆ ಕಳಿಸಬೇಕು, ಯಾವಾಗ ಕೆಲಸಕ್ಕೆ ಮರಳಬೇಕು ಎಂದು ಅವು ಹೇಳುತ್ತವೆ. ಆದರೆ ಇದೇ ಪಂಚಾಂಗ ಗಂಡ ಸತ್ತವಳ ಬಳೆ ಒಡೆದಿದೆ, ಅವಳನ್ನು ಮೂಲೆಗೆ ಕೂರಿಸಿದೆ. ಗರ್ಭದಲ್ಲೇ ಹೋದ ಮಗುವಿಗೆ, ಆತ್ಮಹತ್ಯೆಯಿಂದ ಹೋದ ತಮ್ಮನಿಗೆ, ಲೋಕಕ್ಕೆ ಹೇಳಲಾಗದ ಸಂಗಾತಿಗೆ ಅದರಲ್ಲಿ ದಿನವೇ ಇಲ್ಲ, ಅಥವಾ ಇದ್ದರೂ ಪಿಸುಮಾತಿನಲ್ಲಿದೆ. ಇಂಥ ದುಃಖಕ್ಕೆ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಹಕ್ಕಿಲ್ಲದ ದುಃಖ' ಎನ್ನಬಹುದು.

ಇನ್ನರ್ಧ ಕಾರಣ ದೂರ. ಊರಿನಿಂದ ಫೋನ್ ಬಂದಾಗ ಪುಣೆಯಲ್ಲೋ ದೆಹಲಿಯಲ್ಲೋ ಇರುವವರು ಸಿಕ್ಕ ವಿಮಾನ ಹಿಡಿದು ಓಡುತ್ತಾರೆ. ಹನ್ನೊಂದು ದಿನದ ಕ್ರಿಯೆ ಮೂರಕ್ಕೆ ಇಳಿಯುತ್ತದೆ. ಮುಂದಿನ ಸೋಮವಾರ ಆಫೀಸಿನಲ್ಲಿರುತ್ತಾರೆ. ಅಮ್ಮನನ್ನು ಒಮ್ಮೆಯೂ ನೋಡದ ಸಹೋದ್ಯೋಗಿಗಳ ನಡುವೆ ಅವಳ ಬಗ್ಗೆ ಮಾತೆತ್ತುವುದು ಹೇಗೆ? ಕೋವಿಡ್ ಕಾಲದಲ್ಲಿ ಆ ಮೂರು ದಿನವೂ ಸಿಗಲಿಲ್ಲ. 2021ರ ಜೂನ್‌ನಲ್ಲಿ, ವಾರಸುದಾರರು ಬಾರದೆ ಉಳಿದ ನೂರಾರು ಮಂದಿಯ ಅಸ್ಥಿಯನ್ನು ರಾಜ್ಯ ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಅಷ್ಟು ಮನೆಗಳಲ್ಲಿ ಮುಖ ನೋಡದೆ, ಮಣ್ಣು ಹಾಕದೆ ಉಳಿದುಹೋದ ದುಃಖ ಎಲ್ಲಿಗೆ ಹೋಗಿರಬೇಕು?

ಎಲ್ಲರಿಗೂ ಥೆರಪಿ ಬೇಕೇ? ಬೇಡ ಎನ್ನುತ್ತವೆ ಅಧ್ಯಯನಗಳೇ. 2008ರಲ್ಲಿ 61 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ದುಃಖದಲ್ಲಿರುವ ಎಲ್ಲರಿಗೂ ಸಮಾಲೋಚನೆ ಕೊಟ್ಟರೆ ಹೆಚ್ಚಿನ ಲಾಭವಿಲ್ಲ, ನಿಜಕ್ಕೂ ಸಿಕ್ಕಿಬಿದ್ದವರಿಗೆ ಕೊಟ್ಟಾಗ ಪ್ರಯೋಜನವಿದೆ ಎಂದು ಕಂಡುಬಂತು. ಆ ಸಿಕ್ಕಿಬೀಳುವಿಕೆಗೆ ಈಗ 'ದೀರ್ಘಕಾಲದ ಶೋಕದ ತೊಂದರೆ' ಎಂಬ ಅರ್ಥದ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿ ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿಯನ್ನೂ, ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ ಒಂದು ವರ್ಷವನ್ನೂ ಹೇಳುತ್ತವೆ. ಲೆಕ್ಕ ಹಾಕುವಾಗ ಆಯಾ ಸಮಾಜದ ರೂಢಿಯನ್ನು ಗಮನಿಸಬೇಕೆಂದು ಎರಡೂ ಹೇಳುತ್ತವೆ. ಇದಕ್ಕೆ ವಿರೋಧವೂ ಇದೆ. ಪ್ರೀತಿಸಿದ್ದಕ್ಕೂ ರೋಗದ ಚೀಟಿ ಅಂಟಿಸುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಹೆಸರಿಲ್ಲದ ನೋವಿಗೆ ಚಿಕಿತ್ಸೆಯೂ ದೊರೆಯುವುದಿಲ್ಲ. 2005ರಲ್ಲಿ ಅಮೆರಿಕದ ಕ್ಯಾಥರೀನ್ ಶಿಯರ್ ಅವರ ತಂಡ ಇಂಥ ದುಃಖಕ್ಕೆಂದೇ ರೂಪಿಸಿದ ಚಿಕಿತ್ಸೆಯನ್ನು ಪರೀಕ್ಷಿಸಿತು. ಸಾವಿನ ಸುದ್ದಿಯ ಗಳಿಗೆಯನ್ನು ಮತ್ತೆ ಹೇಳಿಸುವುದು, ಹೋದವರ ಜೊತೆ ಕಲ್ಪನೆಯಲ್ಲಿ ಮಾತಾಡಿಸುವುದು, ತಪ್ಪಿಸಿಕೊಂಡು ತಿರುಗುತ್ತಿದ್ದ ಕೋಣೆಗೆ, ಬೀದಿಗೆ ಮರಳಿಸುವುದು ಅದರ ಕ್ರಮ. ಅದರಲ್ಲಿ ನೂರಕ್ಕೆ 51 ಮಂದಿ ಸುಧಾರಿಸಿದರು. ಹೋಲಿಕೆಗೆಂದು ಕೊಟ್ಟ ಬೇರೊಂದು ಮನಶ್ಚಿಕಿತ್ಸೆಯಲ್ಲಿ 28.

ಆದ್ದರಿಂದ ಅಳು ನಿಲ್ಲದಿರುವುದು ಒಂದೇ ಗುರುತಲ್ಲ. ತಿಂಗಳುಗಳು ಕಳೆದರೂ ಊಟ, ನಿದ್ದೆ, ಕೆಲಸ ಹಳಿಗೆ ಬಾರದಿದ್ದರೆ, ಕುಡಿತ ಹೆಚ್ಚಿದರೆ, ತನ್ನದೇ ತಪ್ಪೆಂಬ ಮಾತು ಬಿಡದಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು. ಹೋದವರ ಹಿಂದೆಯೇ ಹೋಗಬೇಕೆಂಬ ಯೋಚನೆ ಬಂದರೆ ತಿಂಗಳ ಲೆಕ್ಕ ಬೇಡ, ಅಂದೇ ಯಾರಿಗಾದರೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ದೇಶದ ಯಾವ ಊರಿನಿಂದಲೂ ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಇದು ಸಣ್ಣ ಅನುಕೂಲವಲ್ಲ. ಆಫೀಸಿನ ವ್ಯವಹಾರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆದೀತು, 'ಅಮ್ಮ ಇಲ್ಲ' ಎಂಬುದನ್ನು ಮಾತ್ರ ಹೆಚ್ಚಿನವರು ಹೇಳಬಲ್ಲದ್ದು ಅಮ್ಮನ ಭಾಷೆಯಲ್ಲೇ.

ಆ ಯುವಕನ ಸುತ್ತ ಬಾಸ್ಟನ್ನಿನಲ್ಲಿ ದೊಡ್ಡ ಆಸ್ಪತ್ರೆಯಿತ್ತು, ಒಳ್ಳೆಯ ವೈದ್ಯರಿದ್ದರು, ಕರೆತಂದ ಮನೆಯವರಿದ್ದರು. ಮೊದಲ ಬಾರಿ ಮನೆಗೆ ಕಳಿಸುವಾಗ ಅವನ ಸುಟ್ಟಗಾಯವನ್ನು ಎಲ್ಲರೂ ನೋಡಿದ್ದರು, ಮತ್ತೊಂದನ್ನು ಕೇಳುವ ರೂಢಿಯೇ ಆಗ ಇರಲಿಲ್ಲ. ಈಗ ಇದೆ. ಹದಿಮೂರನೇ ದಿನದ ಊಟ ಮುಗಿಸಿ ಎಲ್ಲರೂ ಬಸ್ಸು ಹತ್ತಿದ ಮೇಲೆ, ಎರಡನೇ ತಿಂಗಳಲ್ಲಿ, ಆರನೇ ತಿಂಗಳಲ್ಲಿ ಒಂದು ಫೋನ್ ಮಾಡಿ 'ಹೇಗಿದ್ದೀಯಾ, ರಾತ್ರಿ ನಿದ್ದೆ ಬರುತ್ತಿದೆಯಾ' ಎಂದು ಕೇಳಲು ಮನೋವೈದ್ಯರೇ ಆಗಬೇಕಿಲ್ಲ.