ನಕಲಿಗೂ ಬೇಕು ಶಾಸನ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಕ್ರಿ.ಶ. 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವಿವಾದವನ್ನು ವಿಜಯನಗರದ ಬುಕ್ಕರಾಯ ತೀರ್ಮಾನಿಸಿ, ಎರಡೂ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ ಶಾಸನವದು. ಧರ್ಮಸಮನ್ವಯದ ದಾಖಲೆಯಾಗಿ ಅದು ಎಲ್ಲರಿಗೂ ಪರಿಚಿತ. ಆದರೆ ಅದರಲ್ಲಿ ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಮಾತಿದೆ. ಈ ಶಾಸನವನ್ನು ರಾಜ್ಯದ ಬಸದಿಗಳಿಗೆಲ್ಲ ಹಾಕಿಸಬೇಕೆಂಬ ವಿಧಿ ಅದು. ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೇ ಶಾಸನದ ಪ್ರತಿ ದೊರೆತಿದೆ.

ಒಂದೇ ಪಾಠವನ್ನು ಹಲವು ಊರುಗಳಲ್ಲಿ ಇಡುವುದರ ಲಾಭ ಸ್ಪಷ್ಟವಾಗಿದೆ. ಒಂದು ಕಲ್ಲು ಒಡೆದರೂ ಇನ್ನೊಂದು ಉಳಿಯುತ್ತದೆ. ತೊಂದರೆ ತಲೆದೋರುವುದು ಆಮೇಲೆ. ಬೆಳಗೊಳದ ಶಾಸನದ ಕೊನೆಯಲ್ಲಿ, ಕಲ್ಲೇಹದ ಬುಸುವಿಸೆಟ್ಟಿ ಎಂಬಾತ ಬುಕ್ಕರಾಯನಿಗೆ ಬಿನ್ನವಿಸಿಕೊಂಡು ಅದರ ಜೀರ್ಣೋದ್ಧಾರ ಮಾಡಿಸಿದ ಸಂಗತಿಯೂ ಸೇರಿದೆ. ಎಂದರೆ, ಕಲ್ಲಿನ ಬರಹಕ್ಕೂ ಸೇರ್ಪಡೆಯಾಗುವುದುಂಟು. ಹಾಗೆ ಒಂದು ಪ್ರತಿ ಬದಲಾದಾಗ ಬೇರೆ ಊರಿನ ಪ್ರತಿಯನ್ನು ಏನು ಮಾಡಬೇಕು? ಅದನ್ನು ತಿದ್ದಬೇಕೆ, ಹಾಗೆಯೇ ಬಿಡಬೇಕೆ? ಯಾವುದನ್ನು ಮೂಲವೆಂದು ಹಿಡಿಯಬೇಕು?

ಇಂದು ಕಂಪ್ಯೂಟರ್ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಎದುರಾಗುತ್ತದೆ. ಬೇಲೂರು ಸೀಮೆಯ ಗೆಂಡೆಹಳ್ಳಿಯಲ್ಲಿ ಒಬ್ಬ ಹಿರಿಯರು ಮನೆತನದ ಹಳೆಯ ಕಾಗದಪತ್ರಗಳನ್ನೂ ಸುತ್ತಲಿನ ವೀರಗಲ್ಲುಗಳ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದಾರೆ, ಅವುಗಳ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿರುವ ಮಗನ ಬಳಿ ಇದೆ ಎಂದು ಭಾವಿಸೋಣ. ತಂದೆ ದಿನವೂ ಹತ್ತು ಕಡತ ಸೇರಿಸುತ್ತಾರೆ, ಎರಡನ್ನು ತಿದ್ದುತ್ತಾರೆ, ಒಂದನ್ನು ಅಳಿಸುತ್ತಾರೆ. ಮಗನ ಪ್ರತಿ ಇದಕ್ಕೆ ಸರಿಹೊಂದುತ್ತಲೇ ಇರಬೇಕು. ಈ ಕೆಲಸಕ್ಕೆಂದೇ ಹುಟ್ಟಿದ ಸಲಕರಣೆಗಳಲ್ಲಿ ಹೆಸರಾದದ್ದು ‘ಆರ್‌ಸಿಂಕ್’.

ಓಲೆಗರಿಯ ಲೆಕ್ಕ

1996ರ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಇದನ್ನು ಪ್ರಕಟಿಸಿದರು. ದೂರವಾಣಿ ತಂತಿಯ ಮೂಲಕ ಆಮೆಯ ವೇಗದಲ್ಲಿ ಕಡತಗಳು ಸಾಗುತ್ತಿದ್ದ ಕಾಲವದು. ದೊಡ್ಡ ಕಡತದಲ್ಲಿ ಒಂದು ಸಾಲು ಬದಲಾದರೂ ಇಡೀ ಕಡತವನ್ನು ಮತ್ತೆ ಕಳುಹಿಸಬೇಕಾಗುತ್ತಿತ್ತು. ಇದನ್ನು ತಪ್ಪಿಸುವುದೇ ಅವರ ಉದ್ದೇಶ.

ಅವರು ಕಂಡುಕೊಂಡ ಉಪಾಯವನ್ನು ನಮ್ಮ ಓಲೆಗರಿಗಳ ಉದಾಹರಣೆಯಿಂದ ತಿಳಿಯಬಹುದು. ಒಂದೇ ಕಾವ್ಯದ ಪ್ರತಿ ಇಬ್ಬರ ಬಳಿ ಇದೆ. ಒಬ್ಬರು ಗೆಂಡೆಹಳ್ಳಿಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಬೆಂಗಳೂರಿನವರು ತಮ್ಮ ಪ್ರತಿಯ ಒಂದೊಂದು ಗರಿಗೂ ಅದರ ಅಕ್ಷರಗಳಿಂದ ಲೆಕ್ಕ ಹಾಕಿ ಒಂದೊಂದು ಗುರುತಿನ ಸಂಖ್ಯೆ ಕಟ್ಟುತ್ತಾರೆ. ಆ ಸಂಖ್ಯೆಗಳ ಪಟ್ಟಿಯನ್ನಷ್ಟೇ ಅಂಚೆಯಲ್ಲಿ ಕಳುಹಿಸುತ್ತಾರೆ. ಗೆಂಡೆಹಳ್ಳಿಯವರು ತಮ್ಮ ಪ್ರತಿಯ ಮೇಲೆ ಅಕ್ಷರ ಅಕ್ಷರವಾಗಿ ಸರಿಯುತ್ತ ಅದೇ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಹೊಂದಿದ ಕಡೆ ‘ನಿಮ್ಮ 14ನೆಯ ಗರಿಯನ್ನೇ ಇಟ್ಟುಕೊಳ್ಳಿ’ ಎಂದು ಬರೆಯುತ್ತಾರೆ. ಹೊಂದದ ಭಾಗವನ್ನು ಮಾತ್ರ ಪೂರ್ಣವಾಗಿ ನಕಲು ಮಾಡಿ ಕಳುಹಿಸುತ್ತಾರೆ. ಬೇಗ ಹಾಕಬಹುದಾದ ಒರಟು ಲೆಕ್ಕವೊಂದು, ಅದು ಹೊಂದಿದಾಗ ಖಚಿತಪಡಿಸಿಕೊಳ್ಳಲು ಬಿಗಿಯಾದ ಲೆಕ್ಕ ಇನ್ನೊಂದು. ಹೀಗೆ ಎರಡು ಹಂತ. 1999ರಲ್ಲಿ ಟ್ರಿಜೆಲ್ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಇದರ ಪೂರ್ಣ ವಿವರಣೆ ಇದೆ.

ಅಕ್ಷರಕ್ಕೊಂದು ಅಪ್ಪಣೆ

ಆರ್‌ಸಿಂಕ್‌ಗೆ ಮೂಲತಃ ಗುಂಡಿಗಳೂ ಚಿತ್ರಗಳೂ ಇಲ್ಲ. ಒಂದು ಸಾಲಿನಲ್ಲಿ ಅದರ ಹೆಸರು, ನಕಲಾಗಬೇಕಾದ ಮೂಲ, ನಕಲು ಸೇರಬೇಕಾದ ಜಾಗ ಇಷ್ಟನ್ನೂ ಟೈಪ್ ಮಾಡಬೇಕು. ನಡುವೆ ಅಡ್ಡಗೆರೆ ಹಾಕಿ ಬರೆಯುವ ಅಕ್ಷರಗಳೋ ಪದಗಳೋ ಕೆಲಸದ ರೀತಿಯನ್ನು ನಿರ್ಧರಿಸುತ್ತವೆ. ಇವೇ ಆಯ್ಕೆಗಳು. ‘ಝಡ್’ ಎಂದರೆ ದಾರಿಯಲ್ಲಿ ಮಾಹಿತಿಯನ್ನು ಹಿಂಡಿ ಚಿಕ್ಕದಾಗಿಸಿ ಸಾಗಿಸು ಎಂದರ್ಥ. ‘ವಿ’ ಎಂದರೆ ಮಾಡುತ್ತಿರುವುದನ್ನು ಹೇಳುತ್ತಾ ಹೋಗು ಎಂದು.

ಇಂಥ ಆಯ್ಕೆಗಳನ್ನು ಬರೆದಿಡುವ ಪದ್ಧತಿ ಆರ್‌ಸಿಂಕ್‌ಗಿಂತ ಕಾಲು ಶತಮಾನ ಹಳೆಯದು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಇತರ ಪುಟಗಳು ಎಂಬ ಕಟ್ಟುನಿಟ್ಟಾದ ಕ್ರಮ ಅದರದು. ಎಲ್ಲಕ್ಕಿಂತ ಮಿಗಿಲಾಗಿ, ‘ದೋಷಗಳು’ ಎಂಬ ತಲೆಬರಹವೂ ಅದರಲ್ಲಿತ್ತು. ಮಾಡಿದವರೇ ತಮ್ಮ ಸಲಕರಣೆಯ ಕುಂದನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವ ಈ ಪರಿಪಾಠ, ಸರಕಿನ ಗುಣಗಾನಕ್ಕಷ್ಟೇ ಮೀಸಲಾದ ಮಾರಾಟದ ಪತ್ರಗಳಲ್ಲಿ ಕಾಣಸಿಗದು.

ನಮ್ಮ ದಾನಶಾಸನಗಳಿಗೂ ಇಂಥದ್ದೇ ಒಂದು ಕ್ರಮವಿದೆ. ಕೊಟ್ಟವರಾರು, ಪಡೆದವರಾರು, ಭೂಮಿ ಎಷ್ಟು ಎಂದು ಹೇಳಿದ ಬಳಿಕ ಅದರ ಚತುಸ್ಸೀಮೆಯನ್ನು ಹೇಳಲಾಗುತ್ತದೆ. ಮೂಡಲಿಗೆ ಹಳ್ಳ, ತೆಂಕಲಿಗೆ ನೆಟ್ಟ ಕಲ್ಲು, ಹೀಗೆ. ಎಲ್ಲೆ ಹೇಳದ ದಾನ ಮುಂದೆ ಜಗಳಕ್ಕೆ ದಾರಿ. ಆಯ್ಕೆಗಳ ವಿವರಣೆಗೂ ಇದೇ ಮಾತು ಅನ್ವಯಿಸುತ್ತದೆ. ‘ಇದು ಏನು ಮಾಡುತ್ತದೆ’ ಎಂದರೆ ಸಾಲದು. ‘ಎಲ್ಲಿ ನಿಲ್ಲುತ್ತದೆ, ಏನನ್ನು ಮಾಡುವುದಿಲ್ಲ’ ಎಂಬುದೂ ಬರಬೇಕು.

ಎಲ್ಲೆ ತಪ್ಪಿದರೆ

ಆರ್‌ಸಿಂಕ್‌ನಲ್ಲಿ ಹೆಚ್ಚು ಬಳಕೆಯಾಗುವ ಆಯ್ಕೆ ‘ಎ’. ಇದು ‘ಆರ್ಕೈವ್’ ಎಂಬುದರ ಮೊದಲಕ್ಷರ. ಹೆಸರು ಕೇಳಿದರೆ ಎಲ್ಲವನ್ನೂ ಇದ್ದಂತೆಯೇ ಕಾಪಾಡುತ್ತದೆ ಎನಿಸುತ್ತದೆ. ವಾಸ್ತವವಾಗಿ ಇದು ಏಳು ಬೇರೆ ಬೇರೆ ಆಯ್ಕೆಗಳ ಗಂಟು. ಒಳಗಿನ ಕೋಶಗಳು, ಕಡತ ತಿದ್ದಿದ ಸಮಯ, ಒಡೆತನ, ಅನುಮತಿ ಮುಂತಾದವು ಇದರಲ್ಲಿ ಬರುತ್ತವೆ. ಒಂದೇ ಕಡತಕ್ಕೆ ಎರಡು ಹೆಸರಿರುವ ಏರ್ಪಾಡು, ಹೆಚ್ಚುವರಿ ಅನುಮತಿ ಪಟ್ಟಿಗಳು ಇತ್ಯಾದಿ ಇದರಲ್ಲಿ ಬರುವುದಿಲ್ಲ. ಅವನ್ನು ಬೇರೆಯಾಗಿ ಕೇಳಿಕೊಳ್ಳಬೇಕು. ಕೈಪಿಡಿ ಇದನ್ನು ಬಿಡಿಸಿ ಹೇಳದಿದ್ದರೆ ಓದುಗ ಹೆಸರನ್ನೇ ನಂಬಿ ಕೆಡುತ್ತಾನೆ.

ಒಂದು ಓರೆಗೆರೆಯ ಕಥೆ ಇನ್ನೂ ಸ್ವಾರಸ್ಯಕರ. ಮೂಲ ಕೋಶದ ಹೆಸರಿನ ಕೊನೆಗೆ ಓರೆಗೆರೆ ಹಾಕದಿದ್ದರೆ ಆ ಕೋಶವೇ ಹೊಸ ಜಾಗದೊಳಗೆ ಹೋಗಿ ಕೂರುತ್ತದೆ. ಹಾಕಿದರೆ ಕೋಶದೊಳಗಿರುವ ಕಡತಗಳು ಮಾತ್ರ ಹೋಗುತ್ತವೆ. ಪೆಟ್ಟಿಗೆ ಸಮೇತ ಕಳುಹಿಸುವುದಕ್ಕೂ ಪೆಟ್ಟಿಗೆಯಲ್ಲಿನ ಸಾಮಾನನ್ನು ಸುರಿದು ಕಳುಹಿಸುವುದಕ್ಕೂ ಇರುವ ವ್ಯತ್ಯಾಸವಿದು. ಇಷ್ಟು ದೊಡ್ಡ ಅಂತರವನ್ನು ಇಷ್ಟು ಸಣ್ಣ ಗೆರೆ ಹೊತ್ತಿದೆ.

ನಿಜವಾದ ಅಪಾಯವಿರುವುದು ‘ಡಿಲೀಟ್’ ಎಂಬ ಆಯ್ಕೆಯಲ್ಲಿ. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸು ಎಂಬ ಅಪ್ಪಣೆ ಇದು. ಎರಡೂ ಕಡೆ ಒಂದೇ ರೀತಿ ಇರಬೇಕಾದರೆ ಇದು ಬೇಕೇಬೇಕು. ಆದರೆ ಗೆಂಡೆಹಳ್ಳಿಯ ಹಿರಿಯರ ಡಿಸ್ಕ್ ಒಂದು ದಿನ ಕೆಟ್ಟು, ಅದರ ಜಾಗದಲ್ಲಿ ಬರಿದಾದ ಕೋಶವೊಂದು ಕಾಣಿಸಿಕೊಂಡಿತೆನ್ನಿ. ಅದೇ ಹೊತ್ತಿಗೆ ಎಂದಿನ ಆಜ್ಞೆ ತಾನಾಗಿ ನಡೆದರೆ, ಬೆಂಗಳೂರಿನ ಪ್ರತಿಯೂ ಬರಿದಾಗುತ್ತದೆ. ಯಂತ್ರ ಇಲ್ಲಿ ತಪ್ಪು ಮಾಡಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಮೂಲ ಯಾವುದು, ನಕಲು ಯಾವುದು ಎಂಬುದನ್ನು ಅದಲು ಬದಲಾಗಿ ಟೈಪ್ ಮಾಡಿದರೂ ಇಂಥದ್ದೇ ಅನಾಹುತ.

ಈ ಆಯ್ಕೆಯನ್ನು ತಪ್ಪಾಗಿ ಬಳಸಿದರೆ ಅಪಾಯವೆಂದು ಆರ್‌ಸಿಂಕ್‌ನ ಕೈಪಿಡಿ ನೇರವಾಗಿಯೇ ಎಚ್ಚರಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಪಾರಾಗುವ ದಾರಿಯನ್ನೂ ತೋರಿಸುತ್ತದೆ. ‘ಎನ್’ ಎಂಬ ಆಯ್ಕೆ ಸೇರಿಸಿದರೆ ಯಾವುದೂ ಬದಲಾಗುವುದಿಲ್ಲ. ಏನೇನು ಆಗಲಿತ್ತು ಎಂಬುದಷ್ಟೇ ಗೊತ್ತಾಗುತ್ತದೆ. ಏನು ಅಳಿಯಲಿದೆ ಎಂದು ಕಣ್ಣಿಂದ ನೋಡಬೇಕಾದರೆ ಜೊತೆಗೆ ‘ವಿ’ ಇರಬೇಕು. ನಾಟಕದ ರಿಹರ್ಸಲ್ ಇದ್ದಂತೆ. ಮೂಲವನ್ನು ಓದುವಾಗ ದೋಷ ಎದುರಾದರೆ ಅಳಿಸುವ ಕೆಲಸವನ್ನು ಆರ್‌ಸಿಂಕ್ ತಾನಾಗಿ ನಿಲ್ಲಿಸುತ್ತದೆ ಎಂಬುದೂ ಅಲ್ಲಿಯೇ ಬರೆದಿದೆ. ಆದರೆ ಬರಿದಾದ ಕೋಶವನ್ನು ಓದುವುದರಲ್ಲಿ ಯಾವ ದೋಷವೂ ಇಲ್ಲವಷ್ಟೆ! ಈ ಕಾವಲಿನ ಎಲ್ಲೆ ಅಲ್ಲಿಗೆ ಮುಗಿಯುತ್ತದೆ.

ಹೆಸರು ಒಂದೇ, ಅರ್ಥ ಬೇರೆ

ಕೈಪಿಡಿಯನ್ನು ಒಮ್ಮೆ ಬರೆದು ಮುಗಿಸಿದರೆ ಆಗಲಿಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500ಕ್ಕೆ ಏರಿತು. ರೈಸರ ಪಟ್ಟಿಯಲ್ಲಿ 136 ಆಗಿದ್ದ ಬುಕ್ಕರಾಯನ ಶಾಸನ ಹೊಸ ಪಟ್ಟಿಯಲ್ಲಿ 344 ಆಯಿತು. ಕಲ್ಲು ಅದೇ, ಗುರುತು ಬೇರೆ. ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ಓದುಗ ಬೇರೆ ಯಾವುದೋ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ.

ಆರ್‌ಸಿಂಕ್‌ನ ಕಥೆಯೂ ಇದಕ್ಕೆ ಹೊರತಲ್ಲ. ಓಪನ್‌ಬಿಎಸ್‌ಡಿ ಬಳಗಕ್ಕಾಗಿ 2019ರಲ್ಲಿ ಇದನ್ನು ಹೊಸದಾಗಿ ಬರೆದು ‘ಓಪನ್‌ಆರ್‌ಸಿಂಕ್’ ಎಂದು ಕರೆದರು. ಅದು ಹಳೆಯದರೊಡನೆ ಮಾತನಾಡಬಲ್ಲದು. ಆದರೆ ಹಳೆಯದರ ಆಯ್ಕೆಗಳಲ್ಲಿ ಕೆಲವನ್ನು ಮಾತ್ರ ಒಪ್ಪುತ್ತದೆ. ಆದ್ದರಿಂದ ಒಂದಕ್ಕೆ ಬರೆದ ವಿವರಣೆ ಇನ್ನೊಂದಕ್ಕೆ ಹೊಂದುವುದೆಂಬ ಭರವಸೆ ಇಲ್ಲ.

ಕನ್ನಡದಲ್ಲಿ ಇಂಥ ವಿವರಣೆ ಬರೆಯಹೊರಟವರು ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಆಯ್ಕೆಯ ಅಕ್ಷರವನ್ನು ಬದಲಿಸುವಂತಿಲ್ಲ. ಯಂತ್ರಕ್ಕೆ ಅರ್ಥವಾಗುವುದು ಅದೊಂದೇ. ಅದರ ಅರ್ಥವನ್ನು ಮಾತ್ರ ತಿಳಿಗನ್ನಡದಲ್ಲಿ ಹೇಳಬಹುದು. ಪ್ರತಿ ಆಯ್ಕೆಗೂ ಅದು ಮಾಡುವ ಕೆಲಸ, ಮಾಡದ ಕೆಲಸ, ಅದರಿಂದ ಅಳಿಯಬಹುದಾದದ್ದು, ಯಾವ ಆವೃತ್ತಿಗೆ ಈ ಮಾತು ಎಂಬ ನಾಲ್ಕು ಸಂಗತಿಗಳು ಇದ್ದರೆ, ಇಂಗ್ಲಿಷ್ ಅಷ್ಟಾಗಿ ಬಾರದವರೂ ತಮ್ಮ ಮನೆಯ ದಾಖಲೆಗಳನ್ನು ನಿಶ್ಚಿಂತೆಯಿಂದ ಕಾಪಾಡಿಕೊಂಡಾರು.

ಬುಕ್ಕರಾಯನ ಶಾಸನ ತೀರ್ಪು ಹೇಳಿ ಸುಮ್ಮನಾಗಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ಬೆಳಗೊಳದಲ್ಲಿ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದೂ ವಿಧಿಸಿತು. ಬರೆದು ನಿಲ್ಲಿಸಿದ ಕಲ್ಲಿಗೂ ವರ್ಷವರ್ಷದ ಆರೈಕೆ ಬೇಕೆಂಬುದು ಆ ಕಾಲದವರಿಗೆ ತಿಳಿದಿತ್ತು. ವರ್ಷಕ್ಕೊಮ್ಮೆಯಾದರೂ ಹೊಸ ಆವೃತ್ತಿಯೊಡನೆ ತಾಳೆ ನೋಡಿ ತಿದ್ದುವವರಿದ್ದರೆ, ಆಯ್ಕೆಗಳ ಕೈಪಿಡಿಯೂ ಅಷ್ಟೇ ಕಾಲ ನಂಬಿಕೆಗೆ ಅರ್ಹವಾಗಿ ಉಳಿದೀತು.